ನೋಟುಬುಕ್ಕಿನ ಮೊದಲ ಹಾಳೆ

ಅವರ ಎಡಗಿವಿಯ ಹಾಲೆ ನಡುವೆ ಸೀಳಿ ಎರಡು ತುಣುಕಾಗಿತ್ತು. ಗಾಯ ಮಾಗಿ ಎಷ್ಟೋ ವರ್ಷವಾಗಿದ್ದರೂ ಹೊಲಿಸಿಕೊಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದರ ಮೇಲೆ ಕೂದಲು ಇಳಿಬಿಡುತ್ತಿದ್ದರು, ಇಲ್ಲವೇ ಎರಡೂ ಕಿವಿ ಬರಿದಾಗಿಟ್ಟುಕೊಳ್ಳುತ್ತಿದ್ದರು. ಇವರು ಕೂದಲನ್ನು ಹಿಂದಕ್ಕೆ ಬಿಗಿದು ತುರುಬು ಕಟ್ಟಿ, ಬಲಗಿವಿಗೊಂದೇ ಮುತ್ತಿನ ಬೆಂಡೋಲೆ ಹಾಕಿಕೊಂಡು ನಮಗೆ ಪಾಠ ಹೇಳಲು ಕ್ಲಾಸಿಗೆ ಬರುತ್ತಿದ್ದರು. ಹುಡುಗರು ಬೆನ್ನ ಹಿಂದೆ ‘ಒಂದೋಲಿ ಬಾಯಿ’, ಒಂದೇ ಓಲೆಯ ಹೆಂಗಸು, ಎಂದು ಹೆಸರಿಟ್ಟಿದ್ದರು. ಮೊದಲ ಸಲ ಅದನ್ನು ಕೇಳಿದಾಗ ನಾನೂ ನಕ್ಕೆ. ಇವತ್ತು ಹೇಳಲು ಕೂತಾಗ ಆ ನಗುವಿಗೂ ನನಗೆ ನಾಚಿಕೆಯಾಗುತ್ತದೆ, ಆದರೆ ಅದು ನನ್ನ ನಾಚಿಕೆಗಳಲ್ಲಿ ತೀರ ಸಣ್ಣದು.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ನಾನು ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ತರಗತಿಯಲ್ಲಿ ನಾವು ಹುಡುಗಿಯರು ಮೂವರು. ಅವರು ನಮಗೆ ಕುಟುಂಬ ಮತ್ತು ಹೆಣ್ಣಿನ ಬಗ್ಗೆ ಒಂದು ಪೇಪರ್ ಕಲಿಸುತ್ತಿದ್ದರು. ಈಗ ಅದಕ್ಕೆ ಮಹಿಳಾ ಅಧ್ಯಯನ, ಲಿಂಗತ್ವ, ಲೈಂಗಿಕತೆ ಎಂದೆಲ್ಲ ದೊಡ್ಡ ಹೆಸರುಗಳು ಬಂದಿವೆ, ವಿಭಾಗಗಳು ಎದ್ದಿವೆ. ಆಗ ಅದಕ್ಕೊಂದು ಹೆಸರೇ ಇರಲಿಲ್ಲ. ಉಳಿದ ಪ್ರಾಧ್ಯಾಪಕರು ‘ಅಡಗಿಮನಿ ಪೇಪರ್’ ಎನ್ನುತ್ತಿದ್ದರು. ಒಬ್ಬರು ಒಮ್ಮೆ ಅವರ ಎದುರಿಗೇ ಹಾಗಂದಾಗ, ನೀವು ದಿನಕ್ಕೆ ಎರಡು ಸಲ ಬಂದು ಕೂಡುವುದು ಅಲ್ಲಿಯೇ ಅಲ್ಲವೇ ಎಂದು ಇವರು ಕೇಳಿ ಅವರ ಬಾಯಿ ಮುಚ್ಚಿಸಿದ್ದರಂತೆ.

ಕಾಲೇಜಿನಲ್ಲಿ ಎಲ್ಲರಿಗೂ ಅವರು ಮೇಡಂ. ಧಾರವಾಡದ ಹತ್ತಿರದ ಗರಗವೆಂಬ ಹಳ್ಳಿಯ ಹೆಂಗಸರು ಮಾತ್ರ ಸಾಲಿ ಕಲಿಸುವವರನ್ನು ಕರೆಯುವ ಹಾಗೆ ಅಕ್ಕೋರು ಎಂದರು. ಅದೇ ನನ್ನ ಬಾಯಿಗೂ ಬಂತು, ಇವತ್ತಿಗೂ ಅದೇ ಉಳಿದಿದೆ.

ಸಿಟ್ಟು ಅವರ ಮೂಗಿನ ತುದಿಯ ಮೇಲೇ ಇರುತ್ತಿತ್ತು. ಪುಸ್ತಕದಿಂದ ಇಳಿಸಿ ಬರೆದ ಉತ್ತರವನ್ನು ಓದುತ್ತ ಓದುತ್ತ ಹಾಳೆಯನ್ನು ನಮ್ಮ ಮುಂದೆ ಎಸೆದುಬಿಡುತ್ತಿದ್ದರು. ಐದು ನಿಮಿಷಕ್ಕೆ ಸೆರಗಿನ ಗಂಟು ಬಿಚ್ಚಿ, ಹುರಿದ ಶೇಂಗಾ ತೆಗೆದು, ಬೈಸಿಕೊಂಡವರ ಅಂಗೈಗೇ ಮೊದಲು ಹಾಕುತ್ತಿದ್ದರು. ಹೆಣ್ಣುಮಕ್ಕಳ ಬಗ್ಗೆ ಇಷ್ಟು ಪುಸ್ತಕ ಬರೆದಿದ್ದಾರಲ್ಲ, ಇವರಲ್ಲಿ ಯಾರಾದರೂ ಒಬ್ಬಾಕಿಯನ್ನು ಕೂಡಿಸಿಕೊಂಡು ಕೇಳಿದ್ದಾರೋ ಎಂಬುದು ಅವರ ದಿನನಿತ್ಯದ ಜಗಳ. ಕೇಳಲಿಕ್ಕೆಂದೇ ತಿಂಗಳಿಗೆ ಎರಡು ಸಲ ಗರಗದ ಬಸ್ಸು ಹತ್ತುತ್ತಿದ್ದರು. ಎರಡನೆಯ ವರ್ಷ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ನನ್ನ ಅಕ್ಷರ ದುಂಡಗಿದ್ದವು, ಬರೆದುಕೊಳ್ಳಲು ಯಾರಾದರೂ ಬೇಕಾಗಿತ್ತು.

ಗರಗದಲ್ಲಿ ಒಬ್ಬ ಅಜ್ಜಿಯ ಮನೆಯ ಪಡಸಾಲೆ. ಗಂಡಸರು ಹೊಲಕ್ಕೆ ಹೋದ ಮೇಲೆ ಅಲ್ಲಿ ಆರೇಳು ಜನ ಹೆಂಗಸರು ರಾಟಿ ಇಟ್ಟುಕೊಂಡು ಖಾದಿಗೆ ನೂಲು ತೆಗೆಯುತ್ತ ಕೂಡುತ್ತಿದ್ದರು. ಅಕ್ಕೋರು ಸೆರಗು ಸಿಕ್ಕಿಸಿ, ತಾವೂ ಒಂದು ರಾಟಿಯ ಮುಂದೆ ಕೂಡುತ್ತಿದ್ದರು. ನೂಲು ಮಾತ್ರ ಕೊನೆಯವರೆಗೂ ಅವರ ಕೈಗೆ ಹತ್ತಲಿಲ್ಲ. ಅರಳೆಯ ಹಂಜಿಯಿಂದ ಎಳೆದ ನೂಲು ಅವರ ಕೈಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆ, ಮರುಗಳಿಗೆ ಪಟ್ಟನೆ ಕಡಿಯುತ್ತಿತ್ತು. ಅಕ್ಕೋರ ನೂಲಿನಿಂದ ಎಮ್ಮೆ ಕಟ್ಟಬಹುದು ಎಂದು ಅಜ್ಜಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅವರ ಕೆಲಸದ ರೀತಿಯನ್ನು ನಾನು ವಿವರವಾಗಿ ಹೇಳಬೇಕು, ಏಕೆಂದರೆ ನಡೆದದ್ದೆಲ್ಲ ಅದರಿಂದಲೇ ನಡೆಯಿತು. ಮೊದಲ ಸಲ ಗರಗಕ್ಕೆ ಬಂದಾಗ ಅವರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ತಂದಿದ್ದರಂತೆ. ಮೊದಲ ಸಲ ಮೈನೆರೆದಾಗ ಯಾರು ಏನು ಹೇಳಿದರು, ಲಗ್ನಕ್ಕೆ ನಿನ್ನ ಒಪ್ಪಿಗೆ ಕೇಳಿದರೋ, ಗಂಡ ಬಡಿಯುತ್ತಾನೋ. ಏನು ಕೇಳಿದರೂ ಎಲ್ಲರದೂ ಒಂದೇ ಉತ್ತರ, ಎಲ್ಲಾ ಛಲೋ ಐತ್ರಿ. ಕೊನೆಗೆ ಅಜ್ಜಿ ರಾಟಿ ನಿಲ್ಲಿಸಿ, ಅವರ ಕಿವಿ ನೋಡುತ್ತ, ನಿಮ್ಮ ಗಂಡ ನಿಮ್ಮನ್ನು ಬಡಿಯುತ್ತಿದ್ದನೇ ಎಂದು ತಿರುಗಿ ಕೇಳಿದಳಂತೆ. ಅಕ್ಕೋರು ಪ್ರಶ್ನೆಯ ಕಾಗದ ಮಡಿಚಿಟ್ಟು ಎಲ್ಲ ಹೇಳಿದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆಗೆ ತಂದದ್ದು, ಇವರು ಬಾಗಿಲಲ್ಲಿ ಅಡ್ಡ ನಿಂತದ್ದು, ಅವನು ಓಲೆ ಹಿಡಿದು ಜಗ್ಗಿದ್ದು. ಅವತ್ತೇ ಆ ಮನೆ ಬಿಟ್ಟು, ಅಪ್ಪನ ಕೈಕಾಲು ಹಿಡಿದು ಮತ್ತೆ ಓದಲು ಕೂತದ್ದು. ಅದಾದ ಮೇಲೆ ಪಡಸಾಲೆಯ ಒಬ್ಬೊಬ್ಬರೂ ತಾವಾಗಿಯೇ ಬಾಯಿ ಬಿಟ್ಟರು.

ಅಂದಿನಿಂದ ಅವರದೊಂದು ನಿಯಮವಾಯಿತು. ಕೇಳುವಾಕೆ ಮೊದಲು ತಾನು ಉತ್ತರ ಹೇಳಬೇಕು. ಪ್ರತಿ ನೋಟುಬುಕ್ಕಿನ ಮೊದಲ ಹಾಳೆಯ ನೆತ್ತಿಯ ಮೇಲೆ ‘ಕೇಳುವಾಕಿ’ ಎಂದು ಬರೆದು, ಅವಳ ಉತ್ತರ ಅವಳ ಮಾತಿನಲ್ಲೇ ಇರಬೇಕು. ಅದರ ಮುಂದೆ ನೂಲುವವರ ಉತ್ತರ. ಯಾರ ಹೆಸರೂ ಬೇಡ, ಮನೆಯ ಗುರುತೂ ಬೇಡ. ಆ ಹೆಂಗಸರಿಗೆ ಇರುವ ಮರೆ ನಮಗೂ ಇರಲಿ, ನಮಗೆ ಇರುವ ಅಂಜಿಕೆ ಅವರಿಗೂ ಇರುತ್ತದೆ ಎನ್ನುತ್ತಿದ್ದರು. ಮೊದಮೊದಲು ಕೇಳುವವರು ಅವರೇ, ಬರೆಯುವವಳು ನಾನು; ಆ ಕಿವಿಯ ಕಥೆಯೂ ಹಾಗೆಯೇ ನನ್ನ ಅಕ್ಷರದಲ್ಲಿ ಹಾಳೆಗೆ ಬಂತು. ಆಮೇಲೆ ಒಂದು ದಿನ ಹೊಸ ನೋಟುಬುಕ್ಕು ನನ್ನ ಕೈಗಿಟ್ಟು, ಈ ಸಲ ಕೇಳುವಾಕಿ ನೀನೇ ಎಂದರು.

ನಾನು ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಯ ಹುಡುಗಿ. ಅಪ್ಪ ತೀರಿಕೊಂಡ ಮೇಲೆ ಕಾಕಾ ನನ್ನನ್ನು ಬೆಳೆಸಿದ. ಅಂಥ ಮನೆಯ ಹುಡುಗಿ ಮನಸ್ಸಿನ ಮಾತನ್ನು ನೆರೆದವರ ಮುಂದೆ ಆಡುವುದೆಂದರೆ ಸುಮ್ಮನೆಯೇ? ಪ್ರಶ್ನೆ ಬಹಳ ಸರಳವಾಗಿತ್ತು: ನಿನ್ನ ಮನಸ್ಸು ಮೊದಲು ಯಾರ ಮೇಲೆ ಹೋಯಿತು? ಸಿನಿಮಾದ ಹೀರೋ ಎಂದೋ, ಸೋದರಮಾವನ ಮಗ ಎಂದೋ ಹೇಳಿ ಪಾರಾಗಬಹುದಿತ್ತು. ಪಡಸಾಲೆಯಲ್ಲಿ ರಾಟಿಗಳೆಲ್ಲ ನಿಂತಿದ್ದವು. ನನಗೆ ಏನಾಯಿತೋ, ಖರೇ ಹೇಳಿಬಿಟ್ಟೆ. ಹೇಳಿದ್ದನ್ನು ಹಾಗೆಯೇ ಹಾಳೆಯ ಮೇಲೂ ಬರೆದೆ.

“ನನ್ನ ಜೋಡಿ ಓದಿದಾಕಿ ಒಬ್ಬಾಕಿ ಇದ್ಲು. ಆಕಿ ಲಗ್ನ ಗೊತ್ತಾದಾಗ ನಾ ಎರಡು ದಿನ ಅನ್ನ ಮುಟ್ಟಲಿಲ್ಲ. ಆಕಿ ಕೊಟ್ಟ ಕುಪ್ಪಸ ಇನ್ನೂ ನನ್ನ ಪೆಟ್ಟಿಗ್ಯಾಗ ಐತಿ. ಯಾವ ಗಂಡಸಿನ ಮ್ಯಾಲೂ ನನ್ನ ಮನಸ್ಸು ಹಂಗ ಹೋಗಿಲ್ಲ.”

ಬರೆದು ಮುಗಿಸಿದರೂ ತಲೆ ಎತ್ತದೆ ನೋಟುಬುಕ್ಕಿನ ಮೇಲೆ ಬಗ್ಗಿದ್ದೆ. ಯಾರಾದರೂ ಥೂ ಎನ್ನುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

“ಅದಕ್ಯಾಕ ನಡಗ್ತಿ ತಂಗಿ? ನನಗೂ ಒಬ್ಬಾಕಿ ಇದ್ಲು. ಹತ್ತಿ ಬಿಡಸಾಕ ಕೂಡೇ ಹೋಗ್ತಿದ್ವಿ. ಆಕಿ ಸತ್ತ ಮ್ಯಾಲೆ ಆ ಹೊಲದ ಹಾದಿನ ನಾ ಹಿಡಿದಿಲ್ಲ.”

ಅವಳ ಸೊಸೆಯೂ ಅಲ್ಲಿಯೇ ತನ್ನ ರಾಟಿಯ ಮುಂದೆ ಕೂತಿದ್ದಳು. ಅತ್ತೆಯ ಬಾಯಿಂದ ಆ ಮಾತನ್ನು ಅವಳೂ ಮೊದಲ ಸಲ ಕೇಳಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವಳು ಎದ್ದು ಅತ್ತೆಗೆ ನೀರು ತಂದುಕೊಟ್ಟಳು. ಬರುವಾಗ ಬಸ್ಸಿನಲ್ಲಿ ಅಕ್ಕೋರು ಶೇಂಗಾ ಕೊಡುತ್ತ, ಇವತ್ತು ನೀ ಪಾಸಾದಿ ಎಂದಷ್ಟೇ ಹೇಳಿದರು. ನನ್ನ ಜೀವನದಲ್ಲಿ ನಾನು ಅಷ್ಟು ಹಗುರಾಗಿ ಇನ್ನೊಮ್ಮೆ ಬಸ್ಸಿನಿಂದ ಇಳಿದದ್ದು ನೆನಪಿಲ್ಲ.

ದೀಪಾವಳಿ ರಜೆಗೆ ಆ ನೋಟುಬುಕ್ಕನ್ನು ಹುಬ್ಬಳ್ಳಿಗೆ ಒಯ್ದೆ. ಚೊಕ್ಕ ಪ್ರತಿ ಮಾಡಬೇಕಿತ್ತು. ಪಡಸಾಲೆಯ ಮೇಜಿನ ಮೇಲೆ ಅದನ್ನು ಬಿಟ್ಟು ಚಹಾ ಮಾಡಲು ಒಳಗೆ ಹೋದೆ. ಆ ಹೊತ್ತಿಗೆ ಬೀಗರಾಗಬೇಕಾದ ಮನೆಯ ಹಿರಿಯರೊಬ್ಬರು ಬಂದು ಗಾದಿಯ ಮೇಲೆ ಕೂತಿದ್ದರು. ನನ್ನನ್ನು ಅವರ ತಮ್ಮನ ಮಗನಿಗೆ ಕೇಳುವ ಮಾತು ನಡೆದಿತ್ತು.

ಕಾಕಾ ಕೆಟ್ಟವನೇನೂ ಅಲ್ಲ. ನಾನು ಓದುವುದು ಅವನಿಗೆ ಎದೆಯುಬ್ಬಿಸುವ ವಿಷಯ. ಏನು ಸಿಕ್ಕರೂ ಗಟ್ಟಿಯಾಗಿ ಓದುವ ಚಟ ಅವನದು. ಪೇಪರ್ ಬಂದರೆ ಇಡೀ ಅಂಗಡಿಗೆ ಕೇಳುವ ಹಾಗೆ ಓದುತ್ತಿದ್ದ, ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುತ್ತಿರಲಿಲ್ಲ. ನಮ್ಮ ಹುಡುಗಿಯ ಅಕ್ಷರ ಮುತ್ತು ಪೋಣಿಸಿದ ಹಾಗಿವೆ ನೋಡಿ ಎಂದು ನೋಟುಬುಕ್ಕು ಎತ್ತಿಕೊಂಡ. ಮೊದಲ ಹಾಳೆ ತೆಗೆದು, ಬಂದವರಿಗೆ ಕೇಳಲೆಂದು ಗಂಟಲು ಸರಿಮಾಡಿಕೊಂಡು ಓದತೊಡಗಿದ. ಎರಡು ಸಾಲು ಓದಿದ. ಮೂರನೆಯ ಸಾಲಿಗೆ ಅವನ ದನಿ ಇಳಿಯಿತು, ನಾಲ್ಕನೆಯದಕ್ಕೆ ನಿಂತೇಬಿಟ್ಟಿತು.

ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿದ್ದೆ.

“ಇದು ಯಾರ ಮಾತು?” ಎಂದ ಕಾಕಾ.

ಅವನು ಸಿಟ್ಟಿನಿಂದ ಕೇಳಲಿಲ್ಲ, ಅಂಜಿಕೊಂಡು ಕೇಳಿದ. ನನ್ನದು ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮತ್ತೆ ಧಾರವಾಡದ ಮುಖ ನೋಡುವ ಹಾಗಿರಲಿಲ್ಲ. ಪರೀಕ್ಷೆ ಇಲ್ಲ, ಓದು ಇಲ್ಲ, ಸಿಕ್ಕ ಮುಹೂರ್ತಕ್ಕೆ ಯಾರಿಗೋ ಕಟ್ಟಿ ಕಳಿಸುತ್ತಿದ್ದರು. ಹಾಳೆಯ ಮೇಲೆ ಹೆಸರಿರಲಿಲ್ಲ. ‘ಕೇಳುವಾಕಿ’ ಎಂದಷ್ಟೇ ಇತ್ತು.

“ಅಕ್ಕೋರ್ದು,” ಎಂದೆ. “ಅವರು ಹೇಳಿದ್ರು, ನಾ ಬರಕೊಂಡೆ.”

ಯಾರೂ ನನ್ನನ್ನು ಹೊಡೆಯಲಿಲ್ಲ, ಹೆದರಿಸಲಿಲ್ಲ. ಕೈಯಲ್ಲಿದ್ದ ಚಹಾ ಕೂಡ ತುಳುಕಲಿಲ್ಲ. ಅಷ್ಟು ಸಲೀಸಾಗಿ ಸುಳ್ಳು ಹೇಳಿದೆ. ಕಾಕಾ ಉಸಿರು ಬಿಟ್ಟ. ಬಂದ ಹಿರಿಯರು ತಲೆಯಾಡಿಸಿ, ಗಂಡನನ್ನು ಬಿಟ್ಟವಳಂತಲ್ಲ ಆ ಬಾಯಿ, ಈಗ ತಿಳಿಯಿತು ಯಾಕೆ ಬಿಟ್ಟಳೆಂದು ಎಂದರು. ಆ ಕಿವಿಯ ಕಥೆಯನ್ನು ಅಕ್ಷರ ಅಕ್ಷರ ಬರೆದುಕೊಂಡವಳು ನಾನು, ಬಾಗಿಲಲ್ಲಿ ನಿಂತು ಅದನ್ನೂ ಕೇಳಿಸಿಕೊಂಡೆ. ಅಲ್ಲಿಗೇ ಮುಗಿಯುತ್ತದೆ ಎಂದು ನಂಬಿದ್ದೆ. ಮರುದಿನ ಕಾಕಾ ನೋಟುಬುಕ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೊರಟ. ನಮ್ಮ ಹುಡುಗಿಯ ಹಾಗೆ ಇನ್ನೂ ಎಷ್ಟು ಮಂದಿಯ ಹುಡುಗಿಯರು ಅಲ್ಲಿದ್ದಾರೆ ಎಂಬುದು ಅವನ ಕಳವಳ.

ರಜೆ ಮುಗಿದ ವಾರ ನನ್ನನ್ನು ವಿಭಾಗದ ಮುಖ್ಯಸ್ಥರ ಕೋಣೆಗೆ ಕರೆದರು. ಮುಖ್ಯಸ್ಥರು, ಇಬ್ಬರು ಹಿರಿಯ ಪ್ರಾಧ್ಯಾಪಕರು, ಕಾಕಾ. ನಾನು ಗೋಡೆಗೆ ಹತ್ತಿ ನಿಂತಿದ್ದೆ. ಅಕ್ಕೋರು ಎಂದಿನ ಬಿರುಸಿನಲ್ಲೇ ಬಂದರು, ಸೀಮೆಸುಣ್ಣದ ಪುಡಿ ಇನ್ನೂ ಕೈಗೆ ಹತ್ತಿತ್ತು. ಮುಖ್ಯಸ್ಥರು ಸಾಧು ಮನುಷ್ಯ, ಅವರಿಗೆ ಆ ಹಾಳೆಯನ್ನು ಓದುವುದೇ ಆಗಲಿಲ್ಲ. ನೋಟುಬುಕ್ಕನ್ನು ಮುಂದೆ ಸರಿಸಿ, ಇದು ನಿಮ್ಮ ಮಾತೇ ಎಂದು ಕೇಳಿದರು.

ಅಕ್ಕೋರು ನಿಂತುಕೊಂಡೇ ಓದಿದರು. ಓದುವುದೇನಿತ್ತು, ಆ ಮಾತು ಹೊರಬಿದ್ದಾಗ ಅವರು ನನ್ನ ಪಕ್ಕದಲ್ಲೇ ಕಡಿದ ನೂಲು ಹೊಸೆಯುತ್ತ ಕೂತಿದ್ದರು. ಈಗ ಹೇಳುತ್ತಾರೆ, ಹೇಳಲಿ, ಹೇಳಬಾರದು, ಎಲ್ಲ ಒಟ್ಟಿಗೇ ಬೇಡುತ್ತಿದ್ದೆ. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

“ನಂದಂತ ಈಕಿ ಹೇಳ್ಯಾಳೇನ್ರಿ?” ಎಂದು ಮುಖ್ಯಸ್ಥರನ್ನು ಕೇಳಿದರು.

ಹೌದು ಎಂದರು ಅವರು.

“ಹಂಗಿದ್ರ ನಂದ ರೀ.”

ಕಾಕಾ ಏನೋ ಹೇಳಲು ಬಾಯಿ ತೆರೆದ. ಅಕ್ಕೋರು ಅವನ ಕಡೆ ತಿರುಗಲೇ ಇಲ್ಲ. ನೋಟುಬುಕ್ಕು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

“ಉಳಿದ ಹಾಳಿ ಯಾರೂ ತಿರುವಬ್ಯಾಡ್ರಿ. ಅವು ಗರಗದ ಹೆಣ್ಮಕ್ಕಳವು. ನನಗ ಏನ್ ಮಾಡೋದೈತಿ ಮಾಡ್ರಿ.”

ಅಷ್ಟು ಹೇಳಿ ಹೊರಟರು. ನಾನು ಅವರ ಹಿಂದೆ ಓಡಿದೆ. ಮೆಟ್ಟಿಲ ಮೇಲೆ ಅಕ್ಕೋರ ಎಂದು ಕರೆದೆ. ಅವರು ಒಂದು ಮೆಟ್ಟಿಲು ಕೆಳಗಿದ್ದರು, ತಿರುಗಿ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಇವತ್ತಿಗೆ ನನ್ನ ಸಂಕಟ ಎಷ್ಟೋ ಕಡಿಮೆಯಿರುತ್ತಿತ್ತು. ಪರೀಕ್ಷೆ ಛಲೋ ಬರಿ ಎಂದರು, ಅಷ್ಟೇ.

ಆ ತಿಂಗಳೇ ಅವರ ಕೆಲಸ ಹೋಯಿತು. ಪೇಪರನ್ನೂ ತೆಗೆದುಹಾಕಿದರು. ಹುಡುಗರು ಒಂದೋಲಿ ಬಾಯಿ ಎನ್ನುವುದನ್ನು ಬಿಟ್ಟು, ಬರೆಯಲಾಗದ ಬೇರೆ ಹೆಸರು ಹಿಡಿದರು. ಅಂಥವರ ಕೈಯಲ್ಲಿ ಕಲಿತ ಹುಡುಗಿ ಬೇಡವೆಂದು ಆ ಬೀಗರೂ ಹಿಂದೆ ಸರಿದರು. ಕಾಕಾ ಹಟ ಹಿಡಿದು ನನ್ನ ಓದು ಪೂರ್ತಿ ಮಾಡಿಸಿದ. ನಾನು ಒಳ್ಳೆಯ ದರ್ಜೆಯಲ್ಲಿ ಪಾಸಾದೆ, ಬೇರೊಂದು ಊರಿನ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಲಗ್ನವಾಗಲಿಲ್ಲ. ಕಾಕಾ ಸಾಯುವ ತನಕ ನನ್ನ ಬಗ್ಗೆ ಹೆಮ್ಮೆಪಡುತ್ತಲೇ ಇದ್ದ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಸಲ ಗಟ್ಟಿ ಮನಸ್ಸು ಮಾಡಿ ಅವರನ್ನು ಹುಡುಕಿಕೊಂಡು ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಗೆ ಹೋದೆ. ತಮ್ಮನ ಮನೆಯಲ್ಲಿದ್ದರು. ಅಂಗಳದಲ್ಲಿ ಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸುತ್ತ, ತಿದ್ದದವರಿಗೆ ಮೊದಲಿನ ಹಾಗೆಯೇ ಬೈಯುತ್ತ ಕೂತಿದ್ದರು. ನನ್ನನ್ನು ಕಂಡು ಖುಷಿಪಟ್ಟರು, ಖರೇನೇ ಖುಷಿಪಟ್ಟರು. ಅವಲಕ್ಕಿ ಹಚ್ಚಿಕೊಟ್ಟರು. ಕಾಲೇಜಿನ ಬಗ್ಗೆ, ನಾನು ಕಲಿಸುವ ಪುಸ್ತಕಗಳ ಬಗ್ಗೆ ಕೇಳಿದರು. ತಾಟು ಕೆಳಗಿಟ್ಟು ಅವರ ಕಾಲು ಮುಟ್ಟಲು ಬಾಗಿದೆ. ಅಕ್ಕೋರ, ಆ ಹಾಳಿ ಎಂದು ಶುರು ಮಾಡಿದೆ. ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

“ನನಗ ಯಾಕ ಹೇಳ್ತಿ ತಂಗಿ? ನನಗ ಗೊತ್ತಿಲ್ಲೇನು? ಆ ಖೋಲ್ಯಾಗ ಇದ್ದವರಿಗೆ ಹೇಳು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಪಾಠದಲ್ಲಿ ತಪ್ಪಿದ್ದನ್ನು ತೋರಿಸುವಾಗ ಇರುತ್ತಿದ್ದ ದನಿ ಅದು. ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಕಾಕಾನ ಮುಂದೆ ಎಷ್ಟೋ ಸಲ ಕೂತೆ. ಅವನಿಗೆ ರಕ್ತದೊತ್ತಡ ಇದೆ ಎಂದುಕೊಂಡೆ, ಹಬ್ಬ ಕೆಡಿಸುವುದು ಬೇಡ ಎಂದುಕೊಂಡೆ. ಮುಖ್ಯಸ್ಥರು ನಿವೃತ್ತರಾಗಿ ಧಾರವಾಡದಲ್ಲೇ ಇದ್ದರು, ಅವರ ಮನೆಯ ಗೇಟಿನ ತನಕ ಹೋಗಿ ತಿರುಗಿ ಬಂದೆ. ನೆವಕ್ಕೇನು ಬರವೇ.

ಆಮೇಲೆ ಕಾಲ ಬದಲಾಯಿತು. ಅಡಗಿಮನಿ ಪೇಪರ್ ದೊಡ್ಡ ವಿದ್ಯೆಯಾಗಿ ತಿರುಗಿ ಬಂತು. ನನ್ನನ್ನು ಅದರ ಮುಖ್ಯಸ್ಥೆ ಮಾಡಿದರು. ವರ್ಷದ ಮೊದಲ ಪಾಠದಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ, ಕೇಳುವವಳು ಮೊದಲು ತಾನು ಉತ್ತರ ಹೇಳಬೇಕು. ಮಕ್ಕಳು ಅದನ್ನು ನನ್ನ ಪದ್ಧತಿ ಎಂದೇ ಕರೆದರು, ಸಭೆಗಳಲ್ಲಿ ಹೊಗಳಿದರು, ನಾನು ತಲೆ ತಗ್ಗಿಸಿ ವಿನಯವಂತಳ ಹಾಗೆ ಕೂತೆ. ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು, ನಿಮ್ಮ ಉತ್ತರವೇನು ಮೇಡಂ ಎಂದು ಕೇಳಿದಳು. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷವಿತ್ತು. ಹೊತ್ತಾಯಿತು ಎಂದು ಹೇಳಿ ಹೊರಗೆ ಬಂದೆ.

ಅಕ್ಕೋರು ಮುಗದದಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮಣ್ಣಿಗೆ ಹೋಗಲಾಗಲಿಲ್ಲ. ಧಾರವಾಡದಲ್ಲಿ ಒಂದು ಸಂತಾಪ ಸಭೆ ನಡೆಯಿತು. ಆ ದಿನ ಕೋಣೆಯಲ್ಲಿದ್ದ ಇಬ್ಬರು ಪ್ರಾಧ್ಯಾಪಕರಲ್ಲಿ ಒಬ್ಬರು ಇನ್ನೂ ಬದುಕಿದ್ದರು. ಮುಪ್ಪಿನ ಮನುಷ್ಯ, ಮೊಮ್ಮಗನ ಹೆಗಲು ಹಿಡಿದು ವೇದಿಕೆಗೆ ಬಂದರು. ಬಾಯಿಯವರು ಬಹಳ ಛಲೋ ಕಲಿಸುತ್ತಿದ್ದರು, ಅವರ ಜೀವನದಲ್ಲಿ ಒಂದು ತಪ್ಪು ನಡೆದುಹೋಯಿತು, ಇವತ್ತಿನ ದಿನ ನಾವೆಲ್ಲ ಅದನ್ನು ಕ್ಷಮಿಸಿಬಿಡೋಣ ಎಂದರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಮುಂದಿನ ಹೆಸರು ನನ್ನದೇ ಇತ್ತು. ನಾನು ಎದ್ದು ಹೋಗಿ ಮೈಕಿನ ಮುಂದೆ ನಿಂತೆ. ಅವರ ವಿದ್ವತ್ತಿನ ಬಗ್ಗೆ ಕಾಲು ಗಂಟೆ ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಆ ಮುದುಕರು ನನ್ನ ಕೈ ಹಿಡಿದು, ಗುರುವಿನ ಋಣ ತೀರಿಸಿದಿ ತಂಗಿ ಎಂದರು.

ಈಗ ಅವರೂ ಇಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಕೇಳಬೇಕಾದವರೆಲ್ಲ ಹೋದ ಮೇಲೆ ಹೇಳಲು ಕೂತಿದ್ದೇನೆ, ಇದೂ ಹೇಡಿತನವೇ ಎಂದು ನನಗೆ ಗೊತ್ತು. ಅಕ್ಕೋರು ಇದ್ದಿದ್ದರೆ ಹಾಳೆಯನ್ನು ನನ್ನ ಮುಂದೆ ಎಸೆಯುತ್ತಿದ್ದರು. ಎಸೆಯಲಿ. ಅವರದು ತಪ್ಪೂ ಇರಲಿಲ್ಲ, ಆ ಮಾತೂ ಅವರದಲ್ಲ.

ನನ್ನ ಜೋಡಿ ಓದಿದಾಕಿ ಒಬ್ಬಾಕಿ ಇದ್ಲು, ಕಾಕಾ. ಆಕಿ ಲಗ್ನ ಗೊತ್ತಾದಾಗ ಎರಡು ದಿನ ಅನ್ನ ಮುಟ್ಟದಾಕಿ ನಾನು.